ಬ್ಲೀಡ್ ಇಲ್ವಾ?

ಮೂರು ದಿನದಿಂದ ಒಂದೇ ಪ್ರಶ್ನೆ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. "ಬ್ಲೀಡ್ ಇದೆಯಾ?"

ಕೇಳಿದ್ದು ಪ್ರೆಸ್ಸಿನವರು, ಫೋನಿನಲ್ಲಿ. ನಾನೇ ಕೂತು ಡಿಸೈನ್ ಮಾಡಿದ 20 ಪುಟದ ಪುಸ್ತಿಕೆ. ಕವರ್ ಪೂರ್ತಿ ಕಡುನೀಲಿ, ಒಳಪುಟಗಳ ಅಂಚಿಗೂ ನೀಲಿ ಪಟ್ಟಿ. ಬ್ಲೀಡ್ ಅಂದರೆ ಇಂಕು ಒಸರಿ ಕಾಗದದಲ್ಲಿ ಹರಡುವುದು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೆಮ್ಮೆಯಿಂದ ಹೇಳಿದೆ, "ಒಂದು ಚೂರೂ ಇಲ್ಲ."

ಆ ಕಡೆ ಸದ್ದಿಲ್ಲ. ಆಮೇಲೆ, "ಇಲ್ವಾ?"

"ಇಲ್ಲವೇ ಇಲ್ಲ. ಜೂಮ್ ಮಾಡಿ ನೋಡಿದ್ದೇನೆ."

"ಸರಿ ಹಾಗಾದ್ರೆ."

ಪುಸ್ತಿಕೆ ಕೈಗೆ ಬಂತು. ನೀಲಿ ಕವರಿನ ಬಲ ಅಂಚಿಗೆ ಬಿಳಿ ದಾರ ಅಂಟಿಸಿದ ಹಾಗೆ ಒಂದು ಗೆರೆ. ಕೆಲವು ಪ್ರತಿಯಲ್ಲಿ ಇಲ್ಲ. ಒಂದರಲ್ಲಂತೂ ಮೇಲೆ ದಪ್ಪ, ಕೆಳಗೆ ಬರುತ್ತಾ ಮಾಯ. ಹಾಳೆಗಳನ್ನು ಪೇರಿಸಿ ಒಟ್ಟಿಗೆ ಕತ್ತರಿಸುತ್ತಾರಲ್ಲ, ಆಗ ಹಾಳೆ ಕೂದಲೆಳೆಯಷ್ಟು ಜರುಗಿಯೇ ಜರುಗುತ್ತದೆ. ಅದಕ್ಕೇ ಬಣ್ಣವನ್ನು ಅಂಚಿನಿಂದ ಆಚೆಗೂ 3 ಮಿಲಿಮೀಟರ್ ಹರಿಯಬಿಡಬೇಕು. ಅದೇ ಬ್ಲೀಡ್. ನಾನು ಗೆರೆ ದಾಟದ ಶಿಸ್ತಿನ ಹುಡುಗನ ಹಾಗೆ ಸರಿಯಾಗಿ ಅಂಚಿಗೇ ನಿಲ್ಲಿಸಿದ್ದೆ.

"ಎರಡು ಸಲ ಕೇಳಿದ್ನಲ್ಲ?" ಅಂದರು. ನಿಜ, ಕೇಳಿದ್ದರು. ಆದರೂ ಆ "ಸರಿ ಹಾಗಾದ್ರೆ" ಇದೆಯಲ್ಲ, ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಗೊತ್ತಿದ್ದೂ ಸುಮ್ನೆ ಅಚ್ಚು ಹಾಕುವುದಾ? ಮನುಷ್ಯ ಒಳ್ಳೆಯವರೇ, ಮಾತು ಮಾತ್ರ ಅಳೆದು ತೂಗಿ.

ಯೋಚಿಸಿದರೆ ಇಂಪೊಸಿಷನ್ ಅಂದಾಗ ನಾನು ಮುಚ್ಚುಮರೆ ಇಲ್ಲದೆ ಹಾಗಂದ್ರೇನು ಅಂತ ಕೇಳಿದ್ದೆ. ಮಡಚಿದಾಗ ಪುಟಗಳು ಸರಿಯಾದ ಕ್ರಮಕ್ಕೆ ಬರುವ ಹಾಗೆ ದೊಡ್ಡ ಹಾಳೆಯಲ್ಲಿ ಜೋಡಿಸುವುದು ಅಂತ ಹೇಳಿಕೊಟ್ಟರು. ಕೈಕೊಟ್ಟದ್ದು ಗೊತ್ತಿರುವ ಪದ. ಪ್ರೂಫ್ ಕಳಿಸಿದಾಗಲೂ ಅಷ್ಟೇ. ಪ್ರೂಫ್ ಅಂದರೆ ಕಾಗುಣಿತ ನೋಡುವುದು ತಾನೇ ಅಂತ ಬರೀ ಅಕ್ಷರ ತಿದ್ದಿದೆ. ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಮೂಲೆಯ ಕ್ರಾಪ್ ಮಾರ್ಕ್ ಕಡೆ ಕಣ್ಣೇ ಹಾಯಿಸಲಿಲ್ಲ.

ಇನ್ನು ಲೆಡ್ಡಿಂಗ್. ವರ್ಷಗಟ್ಟಲೆ ಇದನ್ನು ಲೀಡಿಂಗ್ ಅನ್ನುತ್ತಿದ್ದೆ. ಕಣ್ಣನ್ನು ಮುಂದಿನ ಸಾಲಿಗೆ ಕರೆದೊಯ್ಯುವುದು ಅಂತ ಅರ್ಥವನ್ನೂ ನಾನೇ ಹೊಸೆದುಕೊಂಡಿದ್ದೆ, ಇಬ್ಬರಿಗೆ ಪಾಠವನ್ನೂ ಮಾಡಿದ್ದೆ! ಅದು ಲೆಡ್, ಅಂದರೆ ಸೀಸ. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸಾಲುಗಳ ನಡುವೆ ಇಡುತ್ತಿದ್ದ ಸೀಸದ ಪಟ್ಟಿ. ಈಗ ಸೀಸ ಹೋಗಿ ಜಾಗ ಮಾತ್ರ ಉಳಿದಿದೆ. ಕನ್ನಡಕ್ಕೆ ಆ ಜಾಗ ಸ್ವಲ್ಪ ಜಾಸ್ತಿಯೇ ಬೇಕು. "ರಾಷ್ಟ್ರ" ಅಂತ ಬರೆದು ನೋಡಿ. ಒತ್ತುಗಳು ಇಳಿದು ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿಗೆ ಸರಿಹೋದ ಅಳತೆಯನ್ನೇ ಕನ್ನಡಕ್ಕೂ ಹಾಕಿ ಉಸಿರುಗಟ್ಟಿಸುವವರನ್ನು ಕಂಡರೆ ನನಗಾಗುವುದಿಲ್ಲ. ನಾನೂ ಅದೇ ಗುಂಪಿನಲ್ಲಿದ್ದವನು, ಬಿಡಿ.

ಎಲ್ಲ ಪುಟಕ್ಕೂ ಬ್ಲೀಡ್ ಕೊಟ್ಟು ಹೊಸ ಫೈಲ್ ಕಳಿಸಿದೆ. ನಿನ್ನೆ ಮತ್ತೆ ಫೋನ್ ಬಂತು.

"ಗಟರ್ ಎಷ್ಟು ಬಿಟ್ಟಿದ್ದೀರಿ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ತಡೆದರು. "ನಿಲ್ಲಿ. ಗಟರ್ ಅಂದ್ರೆ ಏನು ಅಂದ್ಕೊಂಡಿದ್ದೀರಿ, ಮೊದಲು ಅದನ್ನ ಹೇಳಿ."

ಚರಂಡಿ ಅನ್ನಲು ಧೈರ್ಯ ಬರಲಿಲ್ಲ.