ಆಷಾಢದ ಸಮುದ್ರಕ್ಕೆ ಬಿಸಿಲು ಎಲ್ಲಿಂದ ಬಂತು?

ತೀರ್ಥಹಳ್ಳಿಯ ಮನೆಯಲ್ಲೇ ಕೂತು ಉಪಗ್ರಹದ ಡೇಟಾ ನೋಡುವುದು ನನ್ನ ಕೆಲಸ. ಸಮುದ್ರದ ಮೇಲೆ ದಿನಕ್ಕೆ ಎಷ್ಟು ಬೆಳಕು ಬೀಳುತ್ತದೆ ಅನ್ನುವ ಲೆಕ್ಕ. ಎಲ್ಲ ಬೆಳಕೂ ಅಲ್ಲ, 400ರಿಂದ 700 ನ್ಯಾನೋಮೀಟರ್‌ವರೆಗಿನದು ಮಾತ್ರ. ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ ಆಹಾರ ಮಾಡಿಕೊಳ್ಳುವುದು ಅದರಿಂದಲೇ. ನಮ್ಮ ಬಾಯಲ್ಲಿ ಅದು ‘ಪಾರ್’.

ಒಂದು ಮಳೆಗಾಲ, ಅರಬ್ಬೀ ಸಮುದ್ರದ 2015ರ ಜುಲೈ ನಕ್ಷೆ ಮಾಡಿದ್ದೆ. ಪರದೆ ತುಂಬ ಕೆಂಪು, ಅಂದರೆ ಬೆಳಕು ಜಾಸ್ತಿ. ಹೊರಗೆ ಧೋ ಅಂತ ಮಳೆ. ಕಾಫಿ ತಂದ ಅಮ್ಮ ಬಗ್ಗಿ ನೋಡಿದಳು.

“ಆಷಾಢದಲ್ಲಿ ಸಮುದ್ರದ ಮೇಲೆ ಇಷ್ಟು ಬಿಸಿಲಾ? ಹಂಗಾದ್ರೆ ನಮಗೆ ಮೋಡ ಎಲ್ಲಿಂದ ಬರ್ತದೆ ಮಾರಾಯ?”

ನಕ್ಕೆ. ಆಮೇಲೆ ನಗು ನಿಂತಿತು. ನಕ್ಷೆ ಆಗಲೇ ಕಳಿಸಿಯಾಗಿತ್ತು.

ಅದಕ್ಕೂ ಮೊದಲು ನಾನು ಕ್ಲೋರೋಫಿಲ್ ನಕ್ಷೆ ಮಾಡುತ್ತಿದ್ದೆ, ಅಂದರೆ ನೀರಿನ ಬಣ್ಣ ನೋಡಿ ಪಾಚಿಯ ಹಸಿರು ಎಷ್ಟಿದೆ ಅನ್ನುವ ಲೆಕ್ಕ. ಮೋಡದ ಕೆಳಗಿನ ನೀರಿನ ಬಣ್ಣ ಉಪಗ್ರಹಕ್ಕೆ ಕಾಣುವುದಿಲ್ಲ, ಹಾಗಾಗಿ ಮೋಡ ಇರುವ ಪಿಕ್ಸೆಲ್ ಬಿಟ್ಟುಬಿಡಬೇಕು. ಅದಕ್ಕೆ ಬರೆದ ಕಂಪ್ಯೂಟರ್ ಸ್ಕ್ರಿಪ್ಟನ್ನೇ ಸುಮ್ನೆ ಪಾರ್‌ಗೂ ಹಾಕಿದ್ದೆ. ಪಾರ್ ಲೆಕ್ಕ ಬೇರೆ. ಸೂರ್ಯನಿಂದ ಬರುವ ಬೆಳಕು ಎಷ್ಟು ಅಂತ ಗೊತ್ತಿರುತ್ತದೆ. ಅದರಲ್ಲಿ ಮೋಡ ವಾಪಸ್ ಕಳಿಸುವುದನ್ನು ಉಪಗ್ರಹ ಅಳೆಯುತ್ತದೆ. ಗಾಳಿ ಹೀರುವುದನ್ನೂ ಕಳೆದರೆ ಉಳಿದದ್ದು ಸಮುದ್ರದ ಪಾಲು. ಕಣ್ಣಿಗೆ ಕಾಣುವ ಬೆಳಕನ್ನು ಮೋಡ ಹೀರಿಕೊಳ್ಳುವುದು ತೀರಾ ಕಮ್ಮಿ, ಅದಕ್ಕೇ ಈ ಲೆಕ್ಕ ನಡೆಯುತ್ತದೆ. ಇಲ್ಲಿ ಮೋಡ ಅಡ್ಡಿಯಲ್ಲ, ಮೋಡವೇ ಮಾಹಿತಿ. ನಾನು ಅದನ್ನೇ ಎಸೆದು, ಬಿಸಿಲಿದ್ದ ನಾಲ್ಕಾರು ದಿನಗಳ ಸರಾಸರಿ ತೆಗೆದು, ಇಡೀ ಜುಲೈ ಅಂದುಬಿಟ್ಟಿದ್ದೆ!

ಆ ರಾತ್ರಿಯೇ ತಪ್ಪಾಯಿತು ಅಂತ ಮೇಲ್ ಹಾಕಿದೆ. ಕರೆಂಟ್ ಇರಲಿಲ್ಲ, ಮೊಬೈಲಿಂದಲೇ. ಸರಿ ಮಾಡಿದ ನಕ್ಷೆಯಲ್ಲಿ ಕೆಂಪು ಹೋಗಿ ನೀಲಿ ಬಂತು. ಬೈಗುಳ ನಿರೀಕ್ಷೆಯಷ್ಟು ಬರಲಿಲ್ಲ.

ಇನ್ನೊಂದು ತೊಡಕು ಹಾಗೇ ಉಳಿದಿದೆ. ಆ ಡೇಟಾ ಕೊಟ್ಟ ಅಕ್ವಾ ಉಪಗ್ರಹ ಹಾಯುತ್ತಿದ್ದುದು ಮಧ್ಯಾಹ್ನ 1.30ರ ಸುಮಾರಿಗೆ. ಆಗ ಕಂಡ ಮೋಡವೇ ದಿನವಿಡೀ ಇತ್ತು ಅಂತ ಲೆಕ್ಕ. ನಿನ್ನೆ ನಮ್ಮಲ್ಲಿ ಸರಿಯಾಗಿ ಅದೇ ಹೊತ್ತಿಗೆ ಅರ್ಧ ಗಂಟೆ ಬಿಸಿಲು ಬಿತ್ತು. ಅಮ್ಮ ಅವಸರದಲ್ಲಿ ಬಟ್ಟೆ ಹೊರಗೆ ಹರವಿದಳು. ಎರಡು ಗಂಟೆಗೆ ಎಲ್ಲ ಮತ್ತೆ ಬಚ್ಚಲೊಲೆ ಮೇಲಿನ ಹಗ್ಗಕ್ಕೆ.