ಲ್ಯಾಬ್ ಬಿಡುವವರ ಫ್ರೀಜರ್ ಪೆಟ್ಟಿಗೆಗಳು ಯಾರ ಕೈಗೆ?

ಸಂಸ್ಥೆಯ ಸುದ್ದಿಪತ್ರದಲ್ಲಿ ‘ಇಂಥವರು ಪೋಸ್ಟ್‌ಡಾಕ್ ಅವಧಿ ಮುಗಿಸಿ ಹೊರಟಿದ್ದಾರೆ, ಶುಭವಾಗಲಿ’ ಎಂಬ ಸಾಲು ಬರುವ ಹೊತ್ತಿಗೆ ಅವರ ಬೆಂಚು ಖಾಲಿಯಾಗಿರುತ್ತದೆ. ಖಾಲಿಯಾಗದೆ ಉಳಿಯುವುದು ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಅವರ ಹೆಸರಿನ ರ‍್ಯಾಕ್. ಪೆಟ್ಟಿಗೆಗೆ ಜೀವಕೋಶ, ಡಿಎನ್‌ಎ ಮಾದರಿಗಳ 81 ಟ್ಯೂಬು, ಮುಚ್ಚಳಗಳ ಮೇಲೆ ‘ಹೊಸದು’, ‘ಕ್ಲೋನ್ 7, ಚೆನ್ನಾಗಿದೆ’ ಎಂಬಂಥ ಬರಹ. ಬಿಸಾಡಲು ಯಾರಿಗೂ ಧೈರ್ಯವಿಲ್ಲ, ಬಳಸಲು ಯಾರಿಗೂ ಮಾಹಿತಿಯಿಲ್ಲ. ವರ್ಷಗಟ್ಟಲೆ ಹಾಗೇ ಕೂತಿರುತ್ತವೆ.

ಕೊನೆಯ ವಾರ ಒಂದು ಎಕ್ಸೆಲ್ ಪಟ್ಟಿ ಇಮೇಲ್ ಮಾಡಿದರೆ ಹಸ್ತಾಂತರ ಆದಂತಲ್ಲ. ಹೊರಡುವವರು ಇನ್ನೂ ಲ್ಯಾಬಿನಲ್ಲಿರುವಾಗಲೇ, ಆ ಪಟ್ಟಿಯನ್ನಷ್ಟೇ ನೋಡಿಕೊಂಡು ಇನ್ನೊಬ್ಬರು ವಯಲ್ (ಮಾದರಿ ಇಟ್ಟ ಚಿಕ್ಕ ಟ್ಯೂಬು) ಹುಡುಕಿ, ಕೋಶಗಳನ್ನು ಬೆಳೆಸಿ ತೋರಿಸಬೇಕು. ಅಲ್ಲಿ ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ, ಕೇಳಲು ಆ ವ್ಯಕ್ತಿಯೂ ಪಕ್ಕದಲ್ಲಿರುತ್ತಾರೆ. ಇದಕ್ಕೆ ಮೂರು ತಿಂಗಳಾದರೂ ಬೇಕು, ಯಾಕೆಂದರೆ ಕೋಶಗಳು ನಮ್ಮ ಅವಸರಕ್ಕೆ ಬೆಳೆಯುವುದಿಲ್ಲ.

ಹೆಚ್ಚು ಕಳೆದುಕೊಳ್ಳುವುದು ಸೆಲ್ ಲೈನ್‌ಗಳಲ್ಲೇ, ಅಂದರೆ ಲ್ಯಾಬಿನಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸುತ್ತ ಬರುವ ಕೋಶಗಳಲ್ಲೇ. ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಪಾಡುವ ಡಿಎಂಎಸ್‌ಒ ರಾಸಾಯನಿಕ ಶೇ. 10 ಇರುವ ದ್ರಾವಣದಲ್ಲಿ ವಯಲ್‌ಗೆ ಸುಮಾರು 10 ಲಕ್ಷ ಕೋಶ ಹಾಕಿ, ನಿಧಾನವಾಗಿ ತಣಿಸುವ ಐಸೋಪ್ರೊಪನಾಲ್ ಡಬ್ಬಿಯಲ್ಲಿಟ್ಟು ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈನಸ್ 80ಕ್ಕೆ ಇಳಿಸುತ್ತಾರೆ. ಮರುದಿನ ದ್ರವ ಸಾರಜನಕದ ಟ್ಯಾಂಕಿಗೆ ಸಾಗಿಸಬೇಕು. ಆ ಎರಡನೇ ಹೆಜ್ಜೆಯೇ ಮರೆತುಹೋಗುವುದು! ಮೈನಸ್ 80ರಲ್ಲಿ ಮಂಜಿನ ಹರಳುಗಳು ನಿಧಾನವಾಗಿ ದೊಡ್ಡದಾಗುತ್ತಲೇ ಇರುತ್ತವೆ. ಸುಮಾರು ಮೈನಸ್ 135ರ ಕೆಳಗೆ ಹೋದರೆ ಮಾತ್ರ ಅದು ನಿಲ್ಲುತ್ತದೆ. ಆದ್ದರಿಂದ ತಿಂಗಳುಗಳ ಮೇಲೆ ತೆಗೆದ ವಯಲ್‌ನಲ್ಲಿ ಬದುಕಿದ ಕೋಶಗಳು ಬೆರಳೆಣಿಕೆಯಷ್ಟಿರಬಹುದು. ಹಸ್ತಾಂತರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಇವು ಟ್ಯಾಂಕಿನಲ್ಲಿವೆಯೋ, ಫ್ರೀಜರಿನಲ್ಲೇ ಉಳಿದಿವೆಯೋ?

ಪರೀಕ್ಷೆಗೆ ತೆಗೆದ ವಯಲ್ಲನ್ನು 37 ಡಿಗ್ರಿ ನೀರಿನಲ್ಲಿ, ಒಳಗೆ ಮಂಜಿನ ಚಿಕ್ಕ ಚೂರು ಉಳಿಯುವವರೆಗೆ ಮಾತ್ರ ಕರಗಿಸಿ, ಕೂಡಲೇ ಸುಮಾರು 10 ಮಿಲಿ ಬೆಚ್ಚಗಿನ ಮೀಡಿಯಂಗೆ (ಕೋಶ ಬೆಳೆಸುವ ಪೋಷಕ ದ್ರವ) ಹಾಕಬೇಕು. ದ್ರವ ಸಾರಜನಕದಲ್ಲೇ ಮುಳುಗಿದ್ದ ವಯಲ್ ಆದರೆ ಮುಖಕವಚ ಕಡ್ಡಾಯ. ಮುಚ್ಚಳದ ಸಂದಿಯಿಂದ ಒಳಗೆ ಸೇರಿದ ಸಾರಜನಕ ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ, ವಯಲ್ ಸಿಡಿಯುತ್ತದೆ. ಕೋಶಗಳು ತಳಕ್ಕೆ ಅಂಟಿ ಚೇತರಿಸಿಕೊಂಡ ಮೇಲೆ ಒಂದೆರಡು ವಾರ ಆ್ಯಂಟಿಬಯಾಟಿಕ್ ಇಲ್ಲದೆ ಬೆಳೆಸಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿದೆಯೇ ಎಂದು ಪಿಸಿಆರ್ (ಡಿಎನ್‌ಎ ಪತ್ತೆ ಪರೀಕ್ಷೆ) ಮಾಡಿ. ಈ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ನಾಟುವುದಿಲ್ಲ, ಮೀಡಿಯಂ ಕದಡುವುದೂ ಇಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣಿಸುವುದಿಲ್ಲ. ಮಾನವ ಸೆಲ್ ಲೈನ್ ಆಗಿದ್ದರೆ ಕೋಶಗಳ ಡಿಎನ್‌ಎ ಗುರುತು ಹಿಡಿಯುವ ಎಸ್‌ಟಿಆರ್ ಪರೀಕ್ಷೆಯನ್ನೂ ಮಾಡಿಸಿಬಿಡಿ. ಬೇಗ ಬೆಳೆಯುವ ಹೀಲಾ ಎಂಬ ಕ್ಯಾನ್ಸರ್ ಕೋಶಗಳು ಬೇರೆ ಹೆಸರಿನ ಲೈನ್‌ಗಳೊಳಗೆ ನುಸುಳಿ ಅವನ್ನೇ ಆಕ್ರಮಿಸಿದ ಪ್ರಕರಣಗಳು ಒಂದೆರಡಲ್ಲ.

ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗೆ ಬೆಳೆಸುವ ಚಿಕ್ಕ ಡಿಎನ್‌ಎ ಉಂಗುರ) ವಿಷಯ ಸುಲಭ. ನಕ್ಷೆಯ ಫೈಲು, ಸೀಕ್ವೆನ್ಸಿಂಗ್ ಫಲಿತಾಂಶ, ಯಾವ ಆ್ಯಂಟಿಬಯಾಟಿಕ್, ಯಾವ ಇ. ಕೋಲೈ ಬ್ಯಾಕ್ಟೀರಿಯಾ ತಳಿ, ಇಷ್ಟು ಬರೆದಿಟ್ಟರೆ ಸಾಕು. ಗ್ಲಿಸರಾಲ್ ಸ್ಟಾಕ್ (ಗ್ಲಿಸರಾಲ್ ಬೆರೆಸಿ ಹೆಪ್ಪುಗಟ್ಟಿಸಿದ ಬ್ಯಾಕ್ಟೀರಿಯಾ) ಜೊತೆಗೆ ಶುದ್ಧ ಡಿಎನ್‌ಎಯನ್ನೂ ಬೇರೆ ಫ್ರೀಜರಿನಲ್ಲಿಡಿ.

ಹಣ್ಣುನೊಣದ ಲ್ಯಾಬುಗಳಿಗೆ ಈ ಸೌಕರ್ಯವಿಲ್ಲ. ನೊಣದ ತಳಿಗಳನ್ನು ಸುಲಭವಾಗಿ ಹೆಪ್ಪುಗಟ್ಟಿಸಿಡಲಾಗದು. 25 ಡಿಗ್ರಿಯಲ್ಲಿ ಒಂದು ತಲೆಮಾರಿಗೆ ಸುಮಾರು 10 ದಿನ, 18 ಡಿಗ್ರಿಯಲ್ಲಿ ಅದರ ಇಮ್ಮಡಿ. ಯಾರಾದರೊಬ್ಬರು ತಪ್ಪದೆ ಹೊಸ ಬಾಟಲಿಗೆ ವರ್ಗಾಯಿಸುತ್ತಲೇ ಇರಬೇಕು. ಆ ‘ಯಾರಾದರೊಬ್ಬರು’ ಯಾರೆಂದು ಹೆಸರು ಹಿಡಿದು ಗೊತ್ತುಮಾಡದಿದ್ದರೆ ತಳಿ ಹೋಯಿತೆಂದೇ ಲೆಕ್ಕ.

ಲೇಬಲ್ ಬಗ್ಗೆ ಒಂದು ಮಾತು: ಸಾಮಾನ್ಯ ಮಾರ್ಕರ್ ಶಾಯಿ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ, ಹೆಪ್ಪುಗಟ್ಟಿದ ಟ್ಯೂಬಿಗೆ ಅಂಟಿಸಿದ ಮಾಮೂಲಿ ಸ್ಟಿಕ್ಕರ್ ಕಳಚಿ ಬೀಳುತ್ತದೆ. ಅತಿ ಚಳಿ ತಡೆಯುವ ಕ್ರಯೋ ಲೇಬಲ್ ಅಂಟಿಸುವುದು ಹೆಪ್ಪುಗಟ್ಟಿಸುವ ಮೊದಲೇ.

ದತ್ತಾಂಶದಲ್ಲಿ ಎರಡು ಕಡೆ ಎಡವುತ್ತಾರೆ. ಸೂಕ್ಷ್ಮದರ್ಶಕದ ಚಿತ್ರಗಳನ್ನು ಜೆಪೆಗ್ ಮಾಡಿ ಮೂಲ ಫೈಲು ಅಳಿಸಿದರೆ ಪಿಕ್ಸೆಲ್ ಅಳತೆ, ಲೇಸರ್ ಶಕ್ತಿ, ಎಕ್ಸ್‌ಪೋಷರ್ ಎಲ್ಲ ಹೋಯಿತು. ಮತ್ತೆ ಅಳೆಯಲು ದಾರಿಯಿಲ್ಲ. ಇನ್ನೊಂದು, ಸಂಸ್ಥೆ ಕೊಟ್ಟ ತಮ್ಮ ಹೆಸರಿನ ಖಾತೆಯಿಂದ ಹಂಚಿಕೊಂಡ ಫೋಲ್ಡರ್. ಸಂಸ್ಥೆ ಖಾತೆ ಮುಚ್ಚಿದ ದಿನ ಫೋಲ್ಡರೂ ಮಾಯವಾಗಬಹುದು. ಲ್ಯಾಬಿನ ಸರ್ವರಿಗೆ ವರ್ಗಾಯಿಸಿ, ತೆರೆದು ನೋಡಿ, ಆಮೇಲೆ ಹಸ್ತಾಂತರಕ್ಕೆ ಸಹಿ ಹಾಕಿ. ಹಳೆಯ ಎಕ್ಸೆಲ್ ಹಾಳೆಗಳಲ್ಲಿ ಸೆಪ್ಟ್2, ಮಾರ್ಚ್1 ಜೀನ್‌ಗಳು ದಿನಾಂಕಗಳಾಗಿ ಬದಲಾಗಿವೆಯೇ ಎಂದೂ ಹುಡುಕಿ. 2020ರಲ್ಲಿ ಇಂಥ ಜೀನ್‌ಗಳಿಗೆ ಹೊಸ ಹೆಸರು ಕೊಡಬೇಕಾಗಿ ಬಂದದ್ದು ಈ ಕಾಟಕ್ಕೇ.

ಇನ್ನು ಸುದ್ದಿಪತ್ರದ ಆ ಸಾಲು. ಶುಭಾಶಯದ ಜೊತೆ ಇನ್ನೆರಡು ಮಾಹಿತಿ ಸೇರಿಸುವುದು ಕಷ್ಟವಲ್ಲ: ಅವರು ನೋಡಿಕೊಳ್ಳುತ್ತಿದ್ದ ಉಪಕರಣದ ತರಬೇತಿ ಇನ್ನು ಯಾರದು, ಅವರ ಸ್ಟಾಕ್‌ಗಳಿಗೆ ಯಾರನ್ನು ಕೇಳಬೇಕು. ಹೊಸದಾಗಿ ಸೇರಿದವರ ಪರಿಚಯದಲ್ಲೂ ಪದವಿಗಳ ಸಾಲಿಗಿಂತ ‘ಫ್ಲೋ ಸೈಟೋಮೆಟ್ರಿ (ಕೋಶಗಳನ್ನು ಒಂದೊಂದಾಗಿ ಲೇಸರಿನಿಂದ ಅಳೆಯುವ ವಿಧಾನ) ಬಲ್ಲರು, ಮೂರನೇ ಮಹಡಿಯಲ್ಲಿ ಕೂರುತ್ತಾರೆ’ ಎಂಬುದು ಪಕ್ಕದ ಲ್ಯಾಬಿನವರಿಗೆ ಹೆಚ್ಚು ಉಪಯೋಗ. ಹೊರಟವರ ಪ್ರಬಂಧ ಆಮೇಲೆ ಪ್ರಕಟವಾದರೆ, ಕೆಲಸ ನಡೆದ ಸಂಸ್ಥೆಯ ಹೆಸರು ಮುಖ್ಯ ವಿಳಾಸವಾಗಿಯೂ ಹೊಸ ಜಾಗ ‘ಈಗಿನ ವಿಳಾಸ’ವೆಂದು ಅಡಿಟಿಪ್ಪಣಿಯಲ್ಲಿಯೂ ಬರುವುದು ರೂಢಿ. ಇದನ್ನು ಹೊರಡುವ ಮೊದಲೇ ಮಾತಾಡಿಕೊಂಡಿರಬೇಕು, ಕರಡು ಪ್ರೂಫ್ ಬಂದ ರಾತ್ರಿಯಲ್ಲ.