ಒಂದು ಟಿಶ್ಯೂ ಪೊಟ್ಟಣ

ಸಿಂಗಪುರಕ್ಕೆ ಬಂದು ಎರಡು ದಿನ. ನಾಳೆ ಬೆಳಿಗ್ಗೆ ವಾಪಸ್.

ಇವತ್ತು ಮಧ್ಯಾಹ್ನ ಐದು ಜನ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್‌ಗೆ ನುಗ್ಗಿದೆವು. ಹೊಟ್ಟೆ ತಾಳ ಹಾಕುತ್ತಿತ್ತು. ಅಷ್ಟು ಜನಜಂಗುಳಿಯಲ್ಲೂ ಒಂದು ಮೇಜು ಪೂರ್ತಿ ಖಾಲಿ! ಕುಳಿತೇಬಿಟ್ಟೆವು. ಮೇಜಿನ ಮೇಲೆ ಯಾರೋ ಮರೆತು ಹೋದಂತಿದ್ದ ಪುಟ್ಟ ಟಿಶ್ಯೂ ಪೊಟ್ಟಣ. ನಮ್ಮ ಗುಂಪಿನ ಜಾಣ ಅದನ್ನು ಹರಿದು ಕತ್ತಿನ ಬೆವರು ಒರೆಸಿಕೊಂಡ.

ಐದೇ ನಿಮಿಷ. ಚಿಕನ್ ರೈಸ್ ತಟ್ಟೆ ಹಿಡಿದ ಅಜ್ಜಿಯೊಬ್ಬರು ಬಂದು ನಿಂತರು. ನಮ್ಮನ್ನು ನೋಡಿದರು. ಹರಿದ ಪೊಟ್ಟಣವನ್ನೂ ನೋಡಿದರು. ಮಾತಿಲ್ಲ.

ಪಕ್ಕದ ಮೇಜಿನ ಹುಡುಗಿಯೇ ಮೆಲ್ಲಗೆ ತಿಳಿಸಿದಳು: ಇಲ್ಲಿ ಸೀಟು ಹಿಡಿಯುವುದು ಹಾಗೆ. ‘ಚೋಪ್’ ಎನ್ನುತ್ತಾರೆ. ಛತ್ರಿ ಇಟ್ಟರೂ ನಡೆಯುತ್ತದೆಯಂತೆ.

ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನಲ್ಲಿ ಸೀಟು ಹಿಡಿದೇ ಬೆಳೆದವರು ನಾವು! ಆ ಟವೆಲ್ ಸರಿಸಿ ಕುಳಿತವರೊಂದಿಗೆ ನಾನು ಹಾಸನದವರೆಗೂ ಜಗಳವಾಡಿದ್ದುಂಟು. ಟಿಶ್ಯೂ ಕಂಡಾಗ ಮಾತ್ರ ತಲೆಗೆ ಹೊಳೆಯಲಿಲ್ಲ. ಟವೆಲ್ ಆಗಿದ್ದರೆ ಖಂಡಿತ ಹೊಳೆಯುತ್ತಿತ್ತು.

ಗಡಬಡಿಸಿ ಎದ್ದೆವು. ಅಜ್ಜಿ ಕೈಸನ್ನೆಯಲ್ಲೇ ನಮ್ಮನ್ನು ಕೂರಿಸಿ, ತುದಿಯ ಸ್ಟೂಲಿನಲ್ಲಿ ಕುಳಿತು ನಿಧಾನವಾಗಿ ಊಟ ಮಾಡಿದರು. ಬದಲಿಗೆ ಹೊಸ ಪೊಟ್ಟಣ ಕೊಡೋಣವೆಂದರೆ ಐವರ ಬಳಿಯೂ ಒಂದಿಲ್ಲ.

ತಿಂದ ತಟ್ಟೆಯನ್ನು ನಾವೇ ಒಯ್ದು ಇಡಬೇಕು, 2021ರಿಂದ ಇಲ್ಲಿ ಅದು ಕಡ್ಡಾಯ. ಅಜ್ಜಿಯ ತಟ್ಟೆಯನ್ನು ಆ ಜಾಣನ ಕೈಯಲ್ಲೇ ಹೊರಿಸಿದೆವು.